ಬಸ್ಸಿಲ್ಲದ ಬಸ್ ಆ್ಯಪು

ಶನಿವಾರ ಅಂದ್ರೆ ಊರಿಗೆಲ್ಲ ರಜೆ, ನನಗೆ ಮಾತ್ರ ತಲೆನೋವು. ಪ್ರತಿ ವಾರವೂ ‘ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೇನೂ ಆಗೋಕೆ ಸಾಧ್ಯವಿಲ್ಲ’ ಅಂದುಕೊಳ್ತೀನಿ. ಮುಂದಿನ ವಾರ ಯಾರಾದ್ರೂ ಒಬ್ಬರು ಬಂದು, ಸಾಧ್ಯವಿದೆ ಅಂತ ತೋರಿಸಿಬಿಡ್ತಾರೆ.

ಗರುಡಾಚಾರ್‌ಪಾಳ್ಯದ ಆಫೀಸಿನಲ್ಲಿ ಡಿಸೈನ್ ಮಾಡೋದು ನನ್ನ ಹೊಟ್ಟೆಪಾಡು. ಶನಿವಾರದ ಬಿಡುವಿನಲ್ಲಿ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿನ ಡಿಸೈನ್ ನೋಡಿಕೊಳ್ತೀನಿ. ಓಪನ್ ಸೋರ್ಸ್ ಅಂದ್ರೆ ಊರೊಟ್ಟಿನ ಸಾಫ್ಟ್‌ವೇರು. ಯಾರು ಬೇಕಾದ್ರೂ ಒಳಗಿನ ಕೋಡ್ ನೋಡಬಹುದು, ತಿದ್ದಬಹುದು, ಪುಕ್ಕಟೆ ಬಳಸಬಹುದು. ನಮ್ಮದು, ನೀವು ಕಾಯ್ತಾ ಇರೋ ಬಸ್ಸು ಈಗ ಎಲ್ಲಿದೆ ಅಂತ ಹೇಳೋ ಆ್ಯಪು. ಪರದೆ ಹೇಗೆ ಕಾಣಬೇಕು, ಯಾವ ಬಟನ್ ಎಲ್ಲಿರಬೇಕು ಅನ್ನೋದನ್ನ ಒಂದು ಹದಕ್ಕೆ ತರೋದು, ಹೊಸದಾಗಿ ಸೇರೋರಿಗೆ ಕೆಲಸ ಕಲಿಸೋದು ನನ್ನ ಪಾಲಿಗೆ ಬಂದಿದೆ. ಯಾಕೆ ಬಂತು ಅಂತ ನನಗೂ ಗೊತ್ತಿಲ್ಲ.

ಹಸಿರಿನ ತಕರಾರು

ಕೋಡಿನ ಬಗ್ಗೆ ಮಾತಾಡೋಕೆ ಕೋಡ್ ಗೊತ್ತಿರಬೇಕು, ಡಿಸೈನ್ ಬಗ್ಗೆ ಮಾತಾಡೋಕೆ ಕಣ್ಣಿದ್ರೆ ಸಾಕು ಅಂತ ನಮ್ಮ ಪ್ರೋಗ್ರಾಮರುಗಳ ನಂಬಿಕೆ. ಹೊತ್ತಿಗೆ ಸರಿಯಾಗಿ ಬರೋ ಬಸ್ಸಿಗೆ ಹಸಿರು ಚುಕ್ಕೆ, ತಡವಾದ ಬಸ್ಸಿಗೆ ಕೆಂಪು ಚುಕ್ಕೆ ಇಟ್ಟಿದ್ದೆ. ಹಿರಿಯ ಪ್ರೋಗ್ರಾಮರೊಬ್ಬರು ‘ಈ ಹಸಿರು ಸರಿಯಿಲ್ಲ’ ಅಂತ ಬರೆದರು. ಗಿಳಿಹಸಿರು ಹಾಕಿದೆ. ‘ಇದೂ ಸರಿಯಿಲ್ಲ.’ ಎಲೆಹಸಿರು ಹಾಕಿದೆ. ಅದೂ ಆಗಲಿಲ್ಲ. ಅಷ್ಟರಲ್ಲಿ ಕಂಡಕಂಡವರೆಲ್ಲ ಚರ್ಚೆಗೆ ಇಳಿದು, ಒಬ್ಬರು ನೀಲಿ ಅಂತ, ಇನ್ನೊಬ್ಬರು ನೀಲಿ ಹಾಕಿದ್ರೆ ಪ್ರಾಜೆಕ್ಟೇ ಬಿಡ್ತೀನಿ ಅಂತ ಹೊರಟರು. ಹೊಸ ಆ್ಯಪು ಬಿಡುಗಡೆ ಮಾಡೋ ಕೆಲಸ ಒಂದು ಚುಕ್ಕೆಯ ಮೇಲೆ ನಿಂತುಹೋಯ್ತು.

ಕೊನೆಗೆ ತಡೆಯಲಾರದೆ ಆ ಹಿರಿಯ ಪ್ರೋಗ್ರಾಮರಿಗೇ ಫೋನ್ ಮಾಡಿದೆ.

“ಸರ್, ನಿಮ್ಮ ದಮ್ಮಯ್ಯ, ಎಂಥ ಹಸಿರು ಬೇಕು ಹೇಳಿಬಿಡಿ.”

“ಎಂಥದಾದ್ರೂ ಹಾಕಿ ಮೇಡಂ. ನನಗೆ ಹಸಿರೂ ಕೆಂಪೂ ಒಂದೇ ಥರ ಕಾಣೋದು. ಹುಟ್ಟಿದಾಗಿಂದ ಹಾಗೇ.”

“ಮತ್ತೆ ಇಷ್ಟು ದಿನ ಯಾಕ್ರೀ ಹೇಳಲಿಲ್ಲ?”

“ಹೇಳಿದ್ನಲ್ಲ ಮೇಡಂ, ಹಸಿರು ಸರಿಯಿಲ್ಲ ಅಂತ!”

ಗಂಟೆ ದೊಡ್ಡದು ಮಾಡಪ್ಪಾ

ಹೊಸಬರಿಗೆ ಮೊದಲು ಸಣ್ಣ ಕೆಲಸ ಕೊಡಬೇಕು. ಹಾಗಾಗಿ ಆಗ ತಾನೇ ಸೇರಿದ್ದ ಹುಡುಗನಿಗೆ ಹೇಳಿದೆ: “ಬಸ್ ಹತ್ತಿರ ಬಂದಾಗ ಪರದೆ ಮೇಲೆ ಬಾರಿಸೋ ಗಂಟೆಯ ಚಿತ್ರ ಬರತ್ತಲ್ಲ, ಅದು ತೀರಾ ಚಿಕ್ಕದಾಯ್ತು ಅಂತ ಜನ ಬೈತಾ ಇದಾರೆ. ಸ್ವಲ್ಪ ದೊಡ್ಡದು ಮಾಡು, ಸಾಕು.”

ಆಸಾಮಿ ಮಾಯ. ಮೆಸೇಜಿಗೆ ಉತ್ತರ ಇಲ್ಲ. ಕೆಲಸ ಕಷ್ಟವಾಯ್ತೇನೋ ಪಾಪ ಅಂತ ನನಗೇ ಬೇಜಾರಾಯ್ತು. ಒಂದು ಶನಿವಾರ ತಾನಾಗೇ ಪ್ರತ್ಯಕ್ಷನಾಗಿ, ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಇಡೀ ಆ್ಯಪನ್ನೇ ಹೊಸದಾಗಿ ಮಾಡಿಕೊಂಡು ಬಂದಿದ್ದ. ನೇರಳೆ ಬಣ್ಣದ ಮಂಜು, ಮಂಜಿನೊಳಗೆ ಚಂದ್ರ, ಚಂದ್ರನ ಕೆಳಗೆ ತೆಳ್ಳಗೆ ‘ಪಯಣ’ ಅಂತ ಒಂದೇ ಪದ.

“ಬಸ್ ಎಲ್ಲಪ್ಪಾ?”

“ಬಸ್ ಇಟ್ರೆ ಸ್ಕ್ರೀನ್ ಗಲೀಜಾಗತ್ತೆ ಅಕ್ಕಾ.”

“ಜನ ಬಸ್ ನೋಡೋಕೇ ಕಣೋ ಇದನ್ನ ತೆಗೆಯೋದು!”

ಅವನು ಗಡ್ಡ ಕೆರೆದುಕೊಂಡು ಯೋಚಿಸಿದ. “ಸೆಟ್ಟಿಂಗ್ಸ್ ಒಳಗೆ ಹಾಕ್ತೀನಿ ಬಿಡಿ. ಬೇಕಾದೋರು ಆನ್ ಮಾಡ್ಕೊಳ್ಳಲಿ.”

“ಅದಿರಲಿ, ನಾನು ಹೇಳಿದ ಗಂಟೆ?”

“ಅದನ್ನ ತೆಗೆದೇಬಿಟ್ಟೆ ಅಕ್ಕಾ. ಇನ್ಮೇಲೆ ಚಿಕ್ಕದಾಯ್ತು ಅಂತ ಒಬ್ರೂ ಬೈಯಲ್ಲ.”

ಮೊದಲು ಒಂದು ಒಳ್ಳೇ ಮಾತು

ಬೇರೆಯವರ ಕೆಲಸದ ಬಗ್ಗೆ ಅಭಿಪ್ರಾಯ ಬರೆಯುವಾಗ ಮೊದಲು ಒಂದು ಒಳ್ಳೇ ಮಾತು ಹೇಳಿ, ಆಮೇಲೆ ತಪ್ಪು ತೋರಿಸಿ ಅಂತ ಹೊಸಬರಿಗೆಲ್ಲ ಪಾಠ ಮಾಡಿದ್ದೆ. ಅವರಲ್ಲೊಬ್ಬಳು ಕಾಲೇಜು ಹುಡುಗಿ ಅದನ್ನ ಚಾಚೂ ತಪ್ಪದೆ ಪಾಲಿಸಿದಳು. ಹಿರಿಯ ಡಿಸೈನರೊಬ್ಬರ ಕೆಲಸದ ಕೆಳಗೆ ಬರೆದಿದ್ದಳು: ‘ನಿಮ್ಮ ಹೆಸರು ತುಂಬಾ ಚೆನ್ನಾಗಿದೆ ಸರ್. ಸ್ಕ್ರೀನ್ ಮೊದಲಿಂದ ಮಾಡಿ.’

ಅವರು ಮುಖ ಊದಿಸಿಕೊಂಡು ನನಗೆ ಫೋನ್ ಮಾಡಿದರು. ಅವರನ್ನ ಸಮಾಧಾನ ಮಾಡಿ ಇವಳನ್ನ ಕೇಳಿದೆ: “ಅವರ ಕೆಲಸದಲ್ಲಿ ಒಂದೇ ಒಂದು ಒಳ್ಳೇದು ಸಿಗಲಿಲ್ವೇನೇ?”

“ತುಂಬಾ ಹುಡುಕಿದೆ ಅಕ್ಕಾ. ಹೆಸರೂ ಅವರಪ್ಪ ಇಟ್ಟಿದ್ದೇ.”

ದಾದಿಯ ವಿಚಾರಣೆ

ಪುಲಿಕೇಶಿನಗರದ ಒಂದು ಹುಡುಗಿ ಅಕ್ಷರಗಳ ಕೆಲಸದಲ್ಲಿ ಬಲು ಜಾಣೆ. ಆದ್ರೆ ಬಾಯಿ ಬಿಡಲ್ಲ. ವಿಡಿಯೋ ಕಾಲಿನಲ್ಲಿ ಅವಳ ಡಿಸೈನ್ ನೋಡ್ತಾ, “ಈ ಗೆರೆ ಸ್ವಲ್ಪ ಸೊಟ್ಟ ಆಯ್ತು, ಈ ಒತ್ತಕ್ಷರ ದಪ್ಪ ಆಯ್ತು” ಅಂತ ಹೇಳ್ತಾ ಹೋದೆ. ಅವಳು ತಲೆ ಆಡಿಸ್ತಾ ಇದ್ದಳು. ಇದ್ದಕ್ಕಿದ್ದಂತೆ ಪಕ್ಕದಿಂದ ಇನ್ನೊಂದು ಮುಖ ಪರದೆ ತುಂಬ ಬಂತು. ಅವಳ ಅಜ್ಜಿ, ಮನೆಯವರೆಲ್ಲರ ಬಾಯಲ್ಲಿ ‘ದಾದಿ’.

“ಯಾರಮ್ಮಾ ನೀನು? ನಮ್ಮ ಬಚ್ಚೀಗೆ ಯಾಕೆ ಬೈತೀಯಾ?”

“ಬೈತಾ ಇಲ್ಲ ದಾದಿ, ಕಲಿಸ್ತಾ ಇದೀನಿ.”

“ನನಗೂ ಕಿವಿ ಇದೆ. ಸೊಟ್ಟ ಅಂದೆ, ದಪ್ಪ ಅಂದೆ. ಹುಡುಗಿ ನೋಡೋಕೆ ಬಂದೋರೂ ಇಷ್ಟು ತಪ್ಪು ಹುಡುಕಲ್ಲ! ಸಂಬಳ ಎಷ್ಟು ಕೊಡ್ತೀಯಾ ಇವಳಿಗೆ?”

“ಸಂಬಳ ಇಲ್ಲ ದಾದಿ. ಇದು ಎಲ್ಲರೂ ಸೇರಿ ಪುಕ್ಕಟೆ ಮಾಡೋ ಕೆಲಸ.”

“ಸಂಬಳ ಇಲ್ಲ, ಮೇಲೆ ಬೈಗುಳ ಬೇರೆ! ನಿನಗಾದ್ರೂ ಕೊಡ್ತಾರಾ?”

“ನನಗೂ ಇಲ್ಲ.”

ಅಜ್ಜಿಯ ಮುಖ ಬದಲಾಗಿಹೋಯ್ತು. ಕ್ಯಾಮರಾಕ್ಕೆ ಇನ್ನೂ ಹತ್ತಿರ ಬಂದು, ದನಿ ತಗ್ಗಿಸಿ, “ನಿಮ್ಮ ಮನೇಲಿ ಗೊತ್ತಾ ಮಗಳೇ?” ಅಂದರು. ಮುಂದಿನ ಭಾನುವಾರ ಊಟಕ್ಕೆ ಬರಲೇಬೇಕು ಅಂತ ಕಟ್ಟಪ್ಪಣೆಯಾಯ್ತು. ಹೋದೆ. ಬಂದು ಇಣುಕಿದ ನೆರೆಮನೆಯವರಿಗೆಲ್ಲ “ಇವಳೇ ಆ ಸಂಬಳ ಇಲ್ಲದ ಹುಡುಗಿ” ಅಂತ ಪರಿಚಯ ಮಾಡಿಸಿ, ಬೇಡ ಬೇಡ ಅಂದ್ರೂ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಸುರಿದರು.

ಟಿನ್ ಫ್ಯಾಕ್ಟರಿ ಪರೀಕ್ಷೆ

ಆ್ಯಪು ಬಿಡುಗಡೆ ಮಾಡೋ ಮೊದಲು ನಿಜವಾದ ಪ್ರಯಾಣಿಕರ ಕೈಗೆ ಕೊಟ್ಟು, ಎಲ್ಲಿ ತಡವರಿಸ್ತಾರೆ ಅಂತ ನೋಡಬೇಕು. ಅದನ್ನ ಕಲಿಸೋಕೆ ಒಬ್ಬ ಹೊಸ ಹುಡುಗನ್ನ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ಕರೆದುಕೊಂಡು ಹೋದೆ. ಹೇಳಿದ ಮಾತು ಮೀರದ ಹುಡುಗ ಅಂತ ಅವನ ಮೇಲೆ ನನಗೆ ಪ್ರೀತಿ.

“ನೋಡು, ನಾವು ಏನೂ ಹೇಳಿಕೊಡಬಾರದು. ಅವರು ಏನೇ ಕೇಳಿದ್ರೂ ಸುಮ್ನೆ ನಗ್ತಾ ಇರು. ಕಂಡಿದ್ದನ್ನ ಬರ್ಕೊ, ಅಷ್ಟೇ.”

ಹೊಸಕೋಟೆ ಬಸ್ಸಿಗೆ ಕಾಯ್ತಿದ್ದ ಒಬ್ಬ ಹೆಂಗಸು ಒಪ್ಪಿಕೊಂಡರು. ಹೊಸ ಆ್ಯಪು ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ಅದನ್ನೇ ಅವರ ಕೈಗೆ ಕೊಟ್ಟು, ಇವನನ್ನ ಅಲ್ಲಿ ನಿಲ್ಲಿಸಿ, ಟೀ ತರೋಕೆ ಹೋದೆ. ತಿರುಗಿ ಬಂದ್ರೆ ಇವನೊಬ್ಬನೇ ನಿಂತಿದ್ದಾನೆ.

“ಆ ಅಕ್ಕ ಎಲ್ಲಿ?”

“ಹೋದ್ರು.”

“ಫೋನು?”

“ಅದೂ ಹೋಯ್ತು.”

“ನೀನೇನೋ ಮಾಡ್ತಾ ಇದ್ದೆ?”

ಅವನು ತನ್ನ ಮೊಬೈಲಿನಲ್ಲಿ ಬರೆದುಕೊಂಡಿದ್ದನ್ನ ಹೆಮ್ಮೆಯಿಂದ ತೋರಿಸಿದ: ‘ಬಳಕೆದಾರರಿಗೆ ಬಸ್ ಸಿಕ್ಕಿತು. ಪರೀಕ್ಷೆ ಯಶಸ್ವಿ.’

ಬ್ಯಾಂಕು, ಆಫೀಸು, ನನ್ನ ಬದುಕೆಲ್ಲ ಆ ಫೋನಿನಲ್ಲಿ. ಅವನ ಮೊಬೈಲಿನಿಂದ ಫೋನ್ ಮಾಡಿದೆ. ಪುಣ್ಯಕ್ಕೆ ಆಕೆ ಎತ್ತಿಕೊಂಡರು.

“ನಿಮ್ಮ ಆ್ಯಪು ಬರೀ ಸುಳ್ಳು ಕಣಮ್ಮ. ನಾನು ಬಸ್ಸಲ್ಲೇ ಕೂತಿದೀನಿ, ಅದು ನೋಡಿದ್ರೆ ಬಸ್ ಇನ್ನೂ ಬಂದೇ ಇಲ್ಲ ಅಂತಿದೆ!”

ಭಟ್ಟರಹಳ್ಳಿಯಲ್ಲಿ ಇಳಿದು ಕಾಯ್ತೀನಿ ಅಂದರು. ಆಟೋ ಹಿಡಿದು ಓಡಿದೆವು. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.

“ನಾನೇನು ಕಳ್ಳೀನಾ? ಬಸ್ ಬಂತು ಅಂತ ಗಡಿಬಿಡೀಲಿ ಹತ್ತಿಬಿಟ್ಟೆ. ಕಿಟಕೀಲಿ ಕೈ ಚಾಚಿ ‘ತಗೊಳ್ಳಪ್ಪಾ, ತಗೊಳ್ಳಪ್ಪಾ’ ಅಂತ ಎಷ್ಟು ಕೂಗಿದೆ! ಇವನು ನಗ್ತಾ ನಗ್ತಾ ಟಾಟಾ ಮಾಡ್ದ!”

ನಾನು ಅವನ ಕಡೆ ತಿರುಗಿದೆ. ಅವನು ನನ್ನ ಮುಖ ನೋಡಿದ, ಆಕೆಯ ಮುಖ ನೋಡಿದ, ಮತ್ತೆ ನಗೋಕೆ ಶುರು ಮಾಡಿದ.

ಆಕೆ ಫೋನನ್ನ ನನ್ನ ಕೈಗೆ ತುರುಕಿ ಹೇಳಿದರು: “ಆ್ಯಪು ಹಾಳಾಗೋಗ್ಲಿ ಕಣಮ್ಮ. ಮೊದಲು ಈ ಹುಡುಗನ್ನ ಟೆಸ್ಟ್ ಮಾಡ್ಸಿ!”