ಸೌಂಡ್ ಬಂದರೆ ಬಿಚ್ಚಬೇಕು

ಆವತ್ತು ಓಬುಳೇಶ ಆಸ್ಪತ್ರೆಗೆ ಹೋಗಿದ್ದು ಕಾಯಿಲೆಗಲ್ಲ, ಒಂದು ಸಹಿಗೆ. ಅವನ ಡ್ರೈವಿಂಗ್ ಲೈಸೆನ್ಸಿನ ಗಡುವು ಮುಗಿದು ಹದಿನೈದು ದಿನವಾಗಿತ್ತು. ನಲವತ್ತು ದಾಟಿದವರು ಅದನ್ನು ಹೊಸದು ಮಾಡಿಸಬೇಕೆಂದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಹಳೆಯ ಡಾಕ್ಟರಾಗಿದ್ದರೆ ತಲೆ ಕೂಡ ಎತ್ತದೆ ಸಹಿ ಗೀಚಿ ಕಳಿಸಿಬಿಡುತ್ತಿದ್ದರು. ಅವರು ರಜೆಯ ಮೇಲಿದ್ದರು. ಅವರ ಕುರ್ಚಿಯಲ್ಲಿ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೂತಿದ್ದರು. ಅವರು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು ಓಬುಳೇಶನ ಎದೆಯ ಮೇಲೆ ಇಲ್ಲಿಟ್ಟರು, ಅಲ್ಲಿಟ್ಟರು, ಉಸಿರು ಹಿಡಿಯಿರಿ ಎಂದರು, ಬಿಡಿ ಎಂದರು, ಮತ್ತೆ ಹಿಡಿಯಿರಿ ಎಂದರು.

"ಅಂಕುಲ್, ಗುಂಡೆಲೋ ಸೌಂಡ್ ಉಂದಿ" ಎಂದು ಕೊನೆಗೆ ತೆಲುಗಿನಲ್ಲಿ ಹೇಳಿದರು. "ಮರ್ಮರ್ ಅಂತೀವಿ. ಒಂದು ಸಲ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡಿಸಿಕೊಂಡು ಬನ್ನಿ, ಆಮೇಲೆ ಸಹಿ ಹಾಕ್ತೀನಿ."

ಎದೆಯಲ್ಲಿ ಸೌಂಡು! ಆಮೇಲೆ ಆಕೆ ಇನ್ನೂ ಏನೇನೋ ಹೇಳಿದರು. ಅದ್ಯಾವುದೂ ಓಬುಳೇಶನಿಗೆ ಕೇಳಿಸಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಹೊರಗೆ ಬಂದುಬಿಟ್ಟಿದ್ದ.

ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಆದರೆ ಓಬುಳೇಶ ಮೋಟರ್ ಮೆಕ್ಯಾನಿಕ್. ಆಂಧ್ರದ ಗಡಿಯ ಹಿಂದೂಪುರದ ಪರಿಗಿ ರಸ್ತೆಯಲ್ಲಿ ಅವನು ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಯಾರು ಯಾವ ಮೋಟರು ತಂದರೂ ಅವನ ಪರೀಕ್ಷೆ ಒಂದೇ. ಸ್ವಿಚ್ಚು ಹಾಕುವುದು, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟರಿಗೆ ಒತ್ತುವುದು, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುವುದು. ಅರ್ಧ ನಿಮಿಷದ ಮೇಲೆ ತೀರ್ಪು ಬರುತ್ತಿತ್ತು: "ಸೌಂಡ್ ಐತೆ ಕಣಪ್ಪ. ಸೌಂಡ್ ಬಂದ್ರೆ ಬಿಚ್ಚಲೇಬೇಕು." ಇಪ್ಪತ್ತೆರಡು ವರ್ಷದಲ್ಲಿ ಬೇರೆ ತೀರ್ಪನ್ನು ಯಾರೂ ಕೇಳಿರಲಿಲ್ಲ.

ಬಿಚ್ಚಿದ ಮೇಲೆ ಏನಾಗುತ್ತದೆ ಎನ್ನುವುದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು. ತೊಳೆದು, ಗ್ರೀಸು ಹಚ್ಚಿ, ಎಲ್ಲ ಮುಚ್ಚಿದ ಮೇಲೂ ಕೈಯಲ್ಲಿ ಒಂದೋ ಎರಡೋ ನಟ್ಟು ಮಿಕ್ಕಿರುತ್ತಿದ್ದವು. ಅವನ್ನು ಯಾರಿಗೂ ಕಾಣದ ಹಾಗೆ ಬೆಂಚಿನ ಕೆಳಗಿನ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ. ಒಂದು ಡಬ್ಬಿ ತುಂಬಿ, ಎರಡನೆಯದು ಅರ್ಧಕ್ಕೆ ಬಂದಿತ್ತು. ಒಮ್ಮೆ ಬಿಚ್ಚಿದ ಮೋಟರು ಆರು ತಿಂಗಳಿಗೆ ಮತ್ತೆ ಬರುವುದೂ ವಾಡಿಕೆಯೇ ಆಗಿತ್ತು. ಹೀಗಿರುವಾಗ ಎದೆಯಲ್ಲಿ ಸೌಂಡು ಎಂದರೆ ಅವನಿಗೆ ಹೇಗಾಗಿರಬೇಡ.

ಅಂಗಡಿಗೆ ಬಂದವನೇ ಸ್ಟೂಲಿನ ಮೇಲೆ ಕುಸಿದು, ಸ್ಕ್ರೂಡ್ರೈವರನ್ನು ಎದೆಗೆ ಒತ್ತಿಕೊಂಡು, ಹಿಡಿಗೆ ಕಿವಿ ಸಿಗುತ್ತದೋ ಎಂದು ಕತ್ತು ಬಗ್ಗಿಸಿದ. ಅಂಗಡಿಯ ಹಿಂದಿನ ಮನೆಯಿಂದ ತಿಂಡಿ ತಂದ ಹೆಂಡತಿ ರೇವತಿ ಅದನ್ನು ನೋಡಿ ಕಿರುಚಿಕೊಂಡಳು. "ಅಯ್ಯೋ! ಚುಚ್ಕೊಂಬುಟ್ರಾ?"

"ಚುಚ್ಕೊಂಡಿಲ್ಲ ಕಣೇ. ಸೌಂಡ್ ಬತ್ತೈತಂತೆ. ಎದೇನಾಗೆ."

ಅವಳ ಕಿರುಚಾಟಕ್ಕೆ ಗೋಡೆಯಾಚೆ ದೋಸೆ ಹಿಟ್ಟು ರುಬ್ಬಿ ಮಾರುವ ಉಡುಸಲಮ್ಮಜ್ಜಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಎದುರಿನ ಕಡಲೆಕಾಯಿ ಎಣ್ಣೆ ಮಿಲ್ಲಿನ ರೇವಣಪ್ಪನೂ ಬಂದ. ಅವನ ಮಿಲ್ಲಿನ ಮೋಟರು ಹಿಂದಿನ ದಿನವಷ್ಟೇ ಸೌಂಡಿನ ಆಪಾದನೆ ಹೊತ್ತು ಓಬುಳೇಶನ ಬೆಂಚು ಹತ್ತಿತ್ತು. ಆ ಬೀದಿಯಲ್ಲಿ ಯಾರಿಗೆ ಏನೇ ಆಗಲಿ, ಮುಂದೆ ನಿಂತು ನಡೆಸುವವನು ರೇವಣಪ್ಪನೇ.

ರೇವಣಪ್ಪ ಸ್ಕ್ರೂಡ್ರೈವರನ್ನು ಕಸಿದುಕೊಂಡು ಓಬುಳೇಶನ ಎದೆಗೆ ಒತ್ತಿ ಕಿವಿ ಆನಿಸಿದ. "ಹೂಂ. ಬತ್ತೈತೆ."

"ಹೆಂಗೆ ಬತ್ತೈತಣ್ಣ?" ಓಬುಳೇಶ ಅವನ ಕೈ ಹಿಡಿದುಕೊಂಡ.

"ನನ್ ಮೋಟರ್ ಹೆಂಗ್ ಬತ್ತಿತ್ತೋ ಹಂಗೇ."

"ನಮ್ಮ ಕುಂದುರ್ಪಿ ಬೀಗರ ಅಣ್ಣನಿಗೂ ಹಿಂಗೇ ಆಗಿತ್ತು ಕಣಪ್ಪ" ಎಂದು ಉಡುಸಲಮ್ಮಜ್ಜಿ ಶುರು ಮಾಡಿದಳು. "ಗರಗಸದಾಗೆ ಎದೆ ಕುಯ್ದು, ಗುಂಡಿಗೆ ಆಚೆಗೆ ಎತ್ತಿ ತಟ್ಟೇಲಿ ಇಟ್ಟಿದ್ರಂತೆ."

"ಆಮೇಲೆ?"

"ಆಮೇಲೆ ನನಗೆ ಗೊತ್ತಿಲ್ಲ. ಬೀಗರಿಗೂ ನಮಗೂ ಮಾತಿಲ್ಲ."

ರೇವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ರೇವಣಪ್ಪ ಕಾರಿನ ಬೀಗದ ಕೈ ತೆಗೆದ. "ಅಳಬೇಡ ಕಣಮ್ಮ. ನಮ್ಮ ತಮ್ಮನ ಸೊಸೆ ಪುಷ್ಪಲತಾ ಕಲ್ಯಾಣದುರ್ಗದಾಗೆ ಹಾರ್ಟ್ ಡಾಕ್ಟ್ರು. ನಮ್ಮೋರಾದ್ರೆ ನಿಜ ಹೇಳ್ತಾರೆ. ಏಳ್ಲಾ ಓಬುಳೇಶ, ಈಗ್ಲೇ ಹೋಗಾನ. ಬಿಚ್ಚೋದಾದ್ರೆ ಇವತ್ತೇ ಬಿಚ್ಲಿ."

ಕಾರು ಹೊಸದು. ಒಳಗೆ ಕೂತರೆ ಇಂಜಿನ್ನಿನ ಸದ್ದೇ ಕೇಳದು. ಅದೇ ಓಬುಳೇಶನಿಗೆ ಕಷ್ಟವಾಯಿತು. ಆ ನಿಶ್ಶಬ್ದದಲ್ಲಿ ಅವನಿಗೆ ತನ್ನ ಎದೆಯ ಒಂದೊಂದು ಬಡಿತವೂ ಕೇಳತೊಡಗಿತು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಅಣ್ಣ, ಡಾಕ್ಟ್ರು ಎದೆ ಬಿಚ್ಚಿ ಮತ್ತೆ ಮುಚ್ತಾರಲ್ಲ, ಆವಾಗ ಏನಾದ್ರೂ ಮಿಕ್ತೈತಾ?"

"ಮಿಕ್ರೆ ಕವರ್‌ನಾಗೆ ಹಾಕಿ ಕೈಗೆ ಕೊಡ್ತಾರೆ. ಕಿಡ್ನಿ ಕಲ್ಲು ತೆಗೆದ್ರೆ ಕೊಡಲ್ವಾ, ಹಂಗೆ."

ಓಬುಳೇಶನ ಕಣ್ಣ ಮುಂದೆ ಬಿಸ್ಕತ್ತಿನ ಡಬ್ಬಿಗಳೆರಡೂ ಬಂದು ನಿಂತವು. ಪಾಪ, ರೇವಣಪ್ಪ ಧೈರ್ಯ ಹೇಳಬೇಕೆಂದೇ ಹೊರಟವನು. ನಡುನಡುವೆ ಎಡಭುಜ ತಿಕ್ಕಿಕೊಳ್ಳುತ್ತ, "ದರಿದ್ರ ಗ್ಯಾಸು, ಹದಿನೈದು ದಿನ ಆಯ್ತು" ಎಂದು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡ. "ನನ್ ಎದೆ ನೋಡು, ಅರವತ್ತೆರಡು ವರ್ಷ, ಒಂದು ಸೌಂಡ್ ಇಲ್ಲ. ಈ ಕಾರ್ ಇದ್ದಂಗೈತೆ" ಎಂದ.

ಕಲ್ಯಾಣದುರ್ಗದ ಆ ಪುಟ್ಟ ಆಸ್ಪತ್ರೆಯಲ್ಲಿ ಎಕೋ ಕೋಣೆ ಮಹಡಿಯ ಮೇಲಿತ್ತು. ಡಾಕ್ಟರ್ ಪುಷ್ಪಲತಾ ಓಬುಳೇಶನನ್ನು ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಅಂಟು ಬಳಿದು, ಅದರ ಮೇಲೆ ಒಂದು ಕೈಮಿಷನ್ನು ಆಡಿಸತೊಡಗಿದರು. ಪರದೆಯ ಮೇಲೆ ಬೂದು ಬಣ್ಣದ್ದೇನೋ ಬಾಯಿ ಬಿಡುತ್ತ ಮುಚ್ಚುತ್ತ ಇತ್ತು. ಅದನ್ನಾದರೂ ತಡೆದುಕೊಂಡಾನು. ಡಾಕ್ಟರು ಒಂದು ಗುಂಡಿ ಒತ್ತಿದ್ದೇ ತಡ, ಕೋಣೆ ತುಂಬ ಸದ್ದು ಶುರುವಾಯಿತು: ಝೊಂಯ್... ಝೊಂಯ್... ಝೊಂಯ್.

ಓಬುಳೇಶನಿಗೆ ಜೀವ ಬಾಯಿಗೆ ಬಂತು. ಇದು ಯಾವ ಸೌಂಡೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಚ್ಚು ಹಿಡಿಯುವ ಬುಷ್ ಸವೆದ ಮೋಟರಿನದು ಇದೇ ಸೌಂಡು. ಕದಿರಿ ನರಸಿಂಹಸ್ವಾಮಿಗೆ ಹರಕೆ ಹೊರಬೇಕೆಂದು ಕೈ ಮುಗಿದ. ಅಷ್ಟರಲ್ಲಿ ಆ ಸ್ವಾಮಿ ಹಿರಣ್ಯಕಶಿಪುವಿಗೆ ಏನು ಮಾಡಿದನೆಂಬುದು ನೆನಪಿಗೆ ಬಂದು ಕೈ ಇಳಿಸಿದ. ಕಸಾಪುರದ ಆಂಜನೇಯನನ್ನು ನೆನೆದ. ಆತನೂ ಎದೆ ಬಗೆದು ತೋರಿಸಿದವನೇ. ಎತ್ತ ತಿರುಗಿದರೂ ಬಿಚ್ಚುವವರೇ ಆದರಲ್ಲ ಎಂದು ದಿಕ್ಕು ತೋಚದೆ, ಊರಮ್ಮನ ಕಾಲಿಗೇ ಬಿದ್ದ.

"ತಾಯೇ ಊರಮ್ಮಾ!" ಎಂದು ಮಲಗಿದಲ್ಲಿಂದಲೇ ಕೂಗಿದ. "ನನ್ ಎದೆ ಒಂದು ಬಿಚ್ಚದಂಗೆ ಕಾಪಾಡು! ಸೌಂಡ್ ಬಂತು ಅಂತ ಇನ್ಮೇಲೆ ನಾನು ಒಂದು ಮೋಟರ್‌ನೂ ಬಿಚ್ಚಲ್ಲ. ನಿನ್ನಾಣೆ!"

ಬಾಗಿಲ ಬಳಿ ನಿಂತಿದ್ದ ರೇವಣಪ್ಪ ಈ ಹರಕೆಯನ್ನು ಕಿವಿಯಾರೆ ಕೇಳಿಸಿಕೊಂಡ.

ಡಾಕ್ಟರು ನಗು ತಡೆದುಕೊಂಡು ಅಂಟು ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. "ಎದ್ದೇಳಿ ಓಬುಳೇಶ್. ಯಾರೂ ಏನೂ ಬಿಚ್ಚಲ್ಲ. ನಿಮ್ಮ ಹಾರ್ಟ್ ಚೆನ್ನಾಗೇ ಇದೆ."

"ಮತ್ತೆ ಸೌಂಡು ಮೇಡಂ?"

"ಆಗ ಕೇಳಿದ್ದು ಮಿಷನ್ ಸೌಂಡು. ಯಾರಿಗೆ ಮಾಡಿದ್ರೂ ಹಾಗೇ ಕೇಳುತ್ತೆ. ನಿಮ್ಮದೊಂದು ಸಣ್ಣ ಸೌಂಡಿದೆ, ಇಲ್ಲ ಅನ್ನಲ್ಲ. ಕಾಲುವೇಲಿ ನೀರು ಜೋರಾಗಿ ಹರಿದ್ರೆ ಸದ್ದು ಬರಲ್ವಾ? ಹಾಗಂತ ಕಾಲುವೆ ಒಡೆದಿದೆ ಅಂತಲ್ಲ. ರಕ್ತ ಹರಿಯೋ ಸದ್ದು ಅದು. ಕೆಲವರಿಗೆ ಹುಟ್ಟಿದಾಗಿನಿಂದ ಇರುತ್ತೆ, ಕೆಲವರಿಗೆ ಜ್ವರ ಬಂದಾಗ, ರಕ್ತ ಕಮ್ಮಿ ಆದಾಗ, ಬಸುರಿ ಆದಾಗ ಬರುತ್ತೆ, ಹೋಗುತ್ತೆ."

"ಹಂಗಾರೆ ಸೌಂಡ್ ಬಂದ್ರೆ ಬಿಚ್ಚಬೇಕಾಗಿಲ್ವಾ?"

"ಹಾರ್ಟಿನೊಳಗಿನ ಬಾಗಿಲು ಸರಿಯಾಗಿ ಮುಚ್ಚದೇ ಇದ್ರೆ, ಇಲ್ಲಾ ಪೂರ್ತಿ ತೆರೀದೇ ಇದ್ರೆ, ಆಗ್ಲೂ ಸೌಂಡ್ ಬರುತ್ತೆ. ಅಂಥದ್ದಕ್ಕೆ ಚಿಕಿತ್ಸೆ ಬೇಕು. ಯಾವುದು ಎಂಥದ್ದು ಅಂತ ತಿಳ್ಕೊಳ್ಳೋಕೇ ಎಕೋ ಮಾಡೋದು. ಬರೀ ಸೌಂಡ್ ಕೇಳಿ ಯಾರಾದ್ರೂ ಬಿಚ್ತಾರಾ?"

ಓಬುಳೇಶ ತಲೆ ತಗ್ಗಿಸಿದ. ಅಂಥವನೊಬ್ಬ ಅವರೆದುರಿಗೇ ಕೂತಿದ್ದಾನೆಂದು ಹೇಗೆ ಹೇಳುವುದು? ಆದರೂ ಎದೆ ಹಗುರಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಸೌಂಡು ಅವನಿಗೆ ಖುಷಿ ಕೊಟ್ಟಿತ್ತು.

"ನಂದೂ ಒಂದ್ಸಲ ಕೇಳಮ್ಮ ಪುಷ್ಪ" ಎಂದು ರೇವಣಪ್ಪ ನಗುತ್ತ ಮುಂದೆ ಬಂದ. "ಸೌಂಡ್ ಇಲ್ಲದ ಹಾರ್ಟ್ ಹೆಂಗಿರ್ತೈತೆ ಅಂತ ಇವನಿಗೆ ತೋರಿಸು."

ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕೇಳಿದರು. "ಹೌದು ಮಾವ, ಏನೂ ಸೌಂಡಿಲ್ಲ" ಎಂದರು. ಆದರೆ ಅವರ ಕಣ್ಣು ಮಾವನ ಬೆವರಿದ ಹಣೆಯ ಮೇಲೂ ಎಡಭುಜ ತಿಕ್ಕುತ್ತಿದ್ದ ಕೈಯ ಮೇಲೂ ಇತ್ತು. "ಮೆಟ್ಟಿಲು ಹತ್ತೋವಾಗ ಎದೆ ಹಿಡಿದಂಗೆ ಆಗುತ್ತಾ?"

"ಗ್ಯಾಸು ಕಣಮ್ಮ."

"ಮಲ್ಕೊಳ್ಳಿ. ಒಂದು ಇಸಿಜಿ ತೆಗೀತೀನಿ."

ಇಸಿಜಿ ಕಾಗದ ಹೊರಗೆ ಬರುತ್ತಿದ್ದ ಹಾಗೆ ಡಾಕ್ಟರ ಮುಖದ ನಗು ಮಾಯವಾಯಿತು. ನರ್ಸನ್ನು ಕೂಗಿದರು, ಮಾವನ ನಾಲಿಗೆಯ ಕೆಳಗೆ ಮಾತ್ರೆ ಇಟ್ಟರು, ಆಂಬುಲೆನ್ಸಿಗೆ ಫೋನು ಮಾಡಿದರು. ಹಾರ್ಟಿಗೆ ರಕ್ತ ಒಯ್ಯುವ ನಾಳವೊಂದು ಮುಚ್ಚಿಕೊಳ್ಳುತ್ತ ಬಂದಿರುವ ಹಾಗಿದೆ, ಈಗಲೇ ಅನಂತಪುರಕ್ಕೆ ಹೋಗಬೇಕು, ಒಳ್ಳೆ ಹೊತ್ತಿಗೆ ಸಿಕ್ಕಿತು ಎಂದರು. ಓಬುಳೇಶ ಬೆಪ್ಪಾಗಿ ನಿಂತುಬಿಟ್ಟ. ಬೆಳಿಗ್ಗೆಯಿಂದ ಸೌಂಡು ಮಾಡುತ್ತಿದ್ದವನು ಗಟ್ಟಿಯಾಗಿದ್ದಾನೆ, ಸೌಂಡಿಲ್ಲದವನು ಸ್ಟ್ರೆಚರಿನ ಮೇಲಿದ್ದಾನೆ!

"ನಾನೂ ಬತ್ತೀನಣ್ಣ" ಎಂದ, ಸ್ಟ್ರೆಚರು ಹಿಡಿದು.

"ಬ್ಯಾಡ. ಇಲ್ಲೇ ಊರಾಗಿರೋ ನನ್ ತಮ್ಮ ಬತ್ತಾನೆ. ನೀನು ಊರಿಗೆ ಹೋಗಿ ನಮ್ಮನೇಲಿ ಧೈರ್ಯ ಹೇಳು" ಎಂದ ರೇವಣಪ್ಪ, ಮಲಗಿದ ಹಾಗೆಯೇ. "ಕಾರ್ ತಗೊಂಡ್ ಹೋಗು."

ಕಾರು ತೆಗೆದುಕೊಂಡು ಹೋಗಲು ಲೈಸೆನ್ಸೆಲ್ಲಿ? ಸಹಿಯಾಗದ ಕಾಗದ ಜೇಬಿನಲ್ಲೇ ಇತ್ತು. ಓಬುಳೇಶ ಬಸ್ಸು ಹತ್ತಿದ. ದಾರಿಯುದ್ದಕ್ಕೂ ರೇವಣಪ್ಪನಿಗಾಗಿ ಊರಮ್ಮನನ್ನು ನೆನೆದ. ಪೆನುಕೊಂಡ ದಾಟುವಾಗ ರೇವಣಪ್ಪನ ತಮ್ಮನ ಫೋನು ಬಂತು. ಅಣ್ಣನಿಗೆ ಸ್ಟೆಂಟ್ ಹಾಕುತ್ತಾರಂತೆ, ಎದೆ ಬಿಚ್ಚುವ ಮಾತೇ ಇಲ್ಲವಂತೆ, ಆಂಬುಲೆನ್ಸಿನಲ್ಲಿ ಎಷ್ಟು ಹೇಳಿದರೂ ಕೇಳದೆ ಬೀದಿಯವರಿಗೆಲ್ಲ ಫೋನು ಮಾಡಿ ಮಾತಾಡುತ್ತಲೇ ಇದ್ದನಂತೆ. ಓಬುಳೇಶ ನಿಟ್ಟುಸಿರುಬಿಟ್ಟ. ಆ ಫೋನುಗಳ ಬಗ್ಗೆ ಆಗ ಅವನು ಯೋಚಿಸಬೇಕಿತ್ತು.

ಸಂಜೆ ಬಂದು ನೋಡಿದರೆ ಅಂಗಡಿಯ ಮುಂದೆ ಜಾತ್ರೆ. ಬೆಂಚಿನ ಮೇಲಿದ್ದ ಏಳು ಮೋಟರುಗಳಲ್ಲಿ ಒಂದೂ ಇರಲಿಲ್ಲ. ಬಾಗಿಲಲ್ಲಿ ರೇವತಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

"ಎಲ್ಲಾ ಎತ್ಕೊಂಡ್ ಹೋಗ್ಬುಟ್ರು. ಸೌಂಡ್ ಬಂದ್ರೆ ಗಟ್ಟಿ ಅಂತೆ, ಬಿಚ್ಚೋದೇ ಬ್ಯಾಡ ಅಂತೆ. ರೇವಣಪ್ಪಣ್ಣ ಫೋನ್ ಮಾಡಿದ್ದ."

"ಮತ್ತೆ ಇವರೆಲ್ಲಾ ಯಾರೇ?"

"ಸೌಂಡ್ ಬರದೇ ಇರೋರು."

ಹೌದು. ಸಾಲಿನಲ್ಲಿ ಹನ್ನೆರಡು ಜನ ಚೆನ್ನಾಗಿರುವ ಹನ್ನೆರಡು ಮೋಟರು ಹಿಡಿದು ನಿಂತಿದ್ದರು. ಮೊದಲಿಗೆ ಉಡುಸಲಮ್ಮಜ್ಜಿ, ಪಕ್ಕದಲ್ಲಿ ಅವಳ ರುಬ್ಬುವ ಗ್ರೈಂಡರು.

"ಒಂಬತ್ತು ವರ್ಷ ಆಯ್ತು ಕಣಪ್ಪ, ಒಂದು ಸೌಂಡ್ ಮಾಡಿಲ್ಲ ಮುಂಡೇದು" ಎಂದಳು. "ರೇವಣ್ಣನಿಗೂ ಹಿಂಗೇ ಇತ್ತಂತಲ್ಲ. ಒಳಗೆ ಏನಾಗೈತೋ ಏನೋ. ಬಿಚ್ಚಿ ನೋಡು."

"ಅಜ್ಜೀ, ಚೆನ್ನಾಗೈತೆ. ಬಿಚ್ಚಬೇಕಾಗಿಲ್ಲ."

"ಸೌಂಡ್ ಬರೋದು ಬಿಚ್ಚಲ್ಲ ಅಂತ ತಾನೇ ನೀನು ಆಣೆ ಇಟ್ಟಿರೋದು? ಇದು ಬರಲ್ವಲ್ಲ. ಬಿಚ್ಚು!"

ಆಣೆಯ ವಿಷಯವೂ ಊರಿಗೆಲ್ಲ ತಲುಪಿತ್ತು. ಓಬುಳೇಶ ಎಷ್ಟು ಹೇಳಿದರೂ ಅಜ್ಜಿ ಕೇಳಲಿಲ್ಲ, ಅಳತೊಡಗಿದಳು. ಸಾಲಿನವರೂ ಅವಳ ಕಡೆಗೇ ನಿಂತರು. ಸೋತು, ಬೇರೆ ದಾರಿಯಿಲ್ಲದೆ ಬಿಚ್ಚಿದ. ಒಳಗೆ ಎಲ್ಲ ಹೊಸದರ ಹಾಗಿತ್ತು. ಸುಮ್ಮನೆ ಒರೆಸಿ, ಗ್ರೀಸು ಹಚ್ಚಿ ಮುಚ್ಚಿದ. ಮುಚ್ಚಿ ನೋಡಿದರೆ, ಅಂಗೈಯಲ್ಲಿ ಒಂದು ನಟ್ಟು.

ಸ್ವಿಚ್ಚು ಹಾಕಿದ. ಗರ್ರ್... ಗರ್ರ್... ಗರ್ರ್.

ಸ್ಕ್ರೂಡ್ರೈವರ್ ಒತ್ತಿ, ಕಿವಿ ಆನಿಸಿ, ಕಣ್ಣು ಮುಚ್ಚಿದ. ಈ ಸಲ ಅನುಮಾನವೇ ಇರಲಿಲ್ಲ. ಒಳಗೆ ಲೋಹಕ್ಕೆ ಲೋಹ ತಗಲುತ್ತಿತ್ತು. ಹೀಗೇ ಓಡಿದರೆ ಒಂದೇ ವಾರಕ್ಕೆ ಸುಟ್ಟುಹೋಗುತ್ತದೆ.

"ಅಜ್ಜೀ, ಇದನ್ನ ಮತ್ತೆ ಬಿಚ್ಬೇಕು! ನಿಜವಾಗ್ಲೂ ಕೆಟ್ಟೈತೆ, ಸೌಂಡ್ ಬತ್ತೈತೆ!"

"ಬತ್ತೈತಲ್ಲ!" ಅಜ್ಜಿಯ ಮುಖ ಅರಳಿತು. "ನಿನ್ ಹೊಟ್ಟೆ ತಣ್ಣಗಿರಲಿ ಕಣಪ್ಪ. ಈಗ ಜೀವ ಬಂತು ನೋಡು. ಇನ್ನು ಕೈ ಹಚ್ಚಬ್ಯಾಡ, ಊರಮ್ಮನ ಆಣೆ ಐತೆ."

ಗ್ರೈಂಡರನ್ನು ಮಗುವಿನ ಹಾಗೆ ಸೆರಗಿನಲ್ಲಿ ಒರೆಸಿ, ಇಬ್ಬರ ಕೈಲಿ ಎತ್ತಿಸಿಕೊಂಡು ಹೊರಟೇಹೋದಳು. ನಾಳೆ ಬೆಳಗಿನ ಜಾವದಿಂದ ಅದು ಗೋಡೆಯಾಚೆಗೇ ಗರಗರ ಎನ್ನುತ್ತದೆ, ತಾನು ಹಾಸಿಗೆಯಲ್ಲಿ ಕೇಳುತ್ತ ಮಲಗಿರಬೇಕು, ಸುಟ್ಟ ಮೇಲೆ ಬೈಗುಳವೂ ತನಗೇ ಎಂದು ಓಬುಳೇಶ ನಟ್ಟು ಹಿಡಿದು ನಿಂತೇ ಇದ್ದ. ಅಷ್ಟರಲ್ಲಿ ಸಾಲಿನಲ್ಲಿದ್ದ ಎರಡನೆಯವನು, ಬೇಕರಿಯ ಜಯರಾಮಪ್ಪ, ತನ್ನ ಮೋಟರನ್ನು ಬೆಂಚಿನ ಮೇಲೆ ಧೊಪ್ಪನೆ ಇಟ್ಟ.

"ನಂದಕ್ಕೂ ಅಂಥದ್ದೇ ಒಂದು ಸೌಂಡ್ ಹಾಕ್ಕೊಡು ಓಬುಳೇಶಣ್ಣ. ಅಜ್ಜಿದಕ್ಕಿಂತ ಒಂಚೂರು ಜೋರಾಗಿರಲಿ."