ಭಾನುವಾರವೇ ಸಡಿಲಗೊಂಡ ಬೋಲ್ಟ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಕಾರಿನ ಎಡಗಡೆ ಮುಂದಿನ ಚಕ್ರದ ಹಿಂಬದಿಯಲ್ಲಿ, ಲೋವರ್ ಆರ್ಮ್ ಎಂಬ ಕಬ್ಬಿಣದ ತೋಳನ್ನು ಗಾಡಿಯ ಒಡಲಿಗೆ ಬಿಗಿದು ಹಿಡಿದು, ಲೂಯಿಸ್ ದ್ವೀಪದ ಉಪ್ಪುಗಾಳಿಯನ್ನೂ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪನ್ನೂ ಎಷ್ಟೋ ಚಳಿಗಾಲ ಎದೆಯೊಡ್ಡಿ ಸಹಿಸಿ, ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ತಟ್ಟೆಯ ಮೇಲೆ ವಿಶ್ರಾಂತಿ ಪಡೆಯುತ್ತಿರುವ ತಮ್ಮ ಸನ್ನಿಧಿಗೆ, ಅದೇ ಕಾರಿನ ಮಾಲೀಕನೂ ಊರ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವನೂ ಆದ ಫಿನ್ಲೇ ಮೆಕೈವರ್ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ತಮ್ಮ ತಿರುಪಿನ ಎಳೆಗಳೆಲ್ಲ ಕುಶಲವೆಂದು ನಂಬಿದ್ದೇನೆ. ನನ್ನ ಬೆರಳಿನ ಗೆಣ್ಣುಗಳು ಇನ್ನೂ ಪೂರ್ತಿ ಕುಶಲವಾಗಿಲ್ಲ.

ದೂರು ಹೇಳುವುದಕ್ಕೆ ಮೊದಲು ತಮ್ಮ ಗುಣಗಾನ ಮಾಡುವುದು ನನ್ನ ಕರ್ತವ್ಯ. ಈ ದ್ವೀಪದಲ್ಲಿ ಹಿಡಿದ ಜಾಗ ಬಿಡದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಹೊಲದ ಬೇಲಿಯ ವಿಷಯಕ್ಕೆ ತಾತನ ಕಾಲದಿಂದ ಮಾತು ಬಿಟ್ಟ ಮನೆತನಗಳು ನಮ್ಮ ಬೀದಿಯಲ್ಲೇ ಇವೆ. ಆದರೆ ತಮ್ಮಷ್ಟು ದೃಢಚಿತ್ತರನ್ನು ಕಂಡಿಲ್ಲ. ತಮ್ಮ ನಟ್ಟು ಬಿಚ್ಚಿದೆ, ಬಂತು; ತಮ್ಮ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದೆ, ತಿರುಗಿದಿರಿ; ಆಹಾ ಗೆದ್ದೆ ಎಂದು ಕೈಬಿಟ್ಟರೆ ಅಷ್ಟೇ ಸಲೀಸಾಗಿ ಹಿಂದಕ್ಕೆ ತಿರುಗಿ ಮೊದಲಿನ ಜಾಗಕ್ಕೇ ಬಂದು ನಿಂತಿರಿ. ತೋಳಿನ ತುದಿಯಲ್ಲಿರುವ ಬುಷ್ ಎಂಬ ರಬ್ಬರಿನ ಬಳೆಯ ಒಳಗೊಂದು ಉಕ್ಕಿನ ಕೊಳವೆ ಇರುತ್ತದೆಂದೂ, ತಾವು ಆ ಕೊಳವೆಗೇ ತುಕ್ಕಿನಿಂದ ಅಂಟಿಕೊಂಡು ಒಂದೇ ಜೀವವಾಗಿದ್ದೀರೆಂದೂ, ನಾನು ತಿರುಗಿಸುತ್ತಿದ್ದದ್ದು ತಮ್ಮನ್ನಲ್ಲ, ಹರಿದುಹೋದ ಆ ರಬ್ಬರನ್ನೆಂದೂ ನನಗೆ ಅರ್ಥವಾಗುವ ಹೊತ್ತಿಗೆ ಎರಡು ಸಂಜೆಗಳೂ ಒಂದು ಒಳ್ಳೆಯ ಸ್ಪ್ಯಾನರೂ ಮುಗಿದಿದ್ದವು. ಬೆಂಕಿ ಹಿಡಿದೆ, ತಮಗೆ ಏನೂ ಆಗಲಿಲ್ಲ, ರಬ್ಬರ್ ಹೊತ್ತಿಕೊಂಡು ಹೊಗೆ ಬಂದು ಎದುರುಮನೆಯ ಡಾಲಿನಾ ಪರದೆ ಸರಿಸಿ, "ಫಿನ್ಲೇ, ಮೀನು ಹೊಗೆಗೆ ಹಾಕಿದ್ದೀಯೋ, ಇಲ್ಲಾ ಮನೆಗೇ ಬೆಂಕಿ ಇಟ್ಕೊಂಡ್ಯೋ?" ಎಂದು ಕೂಗಿ ವಿಚಾರಿಸಿಕೊಂಡಳು.

ಇಷ್ಟಕ್ಕೂ ತಮ್ಮ ತಂಟೆಗೆ ನಾನಾಗಿ ಬಂದವನಲ್ಲವೆಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ವರ್ಷದ ತಪಾಸಣೆಯಲ್ಲಿ ಕಾರನ್ನು ಮೇಲೆತ್ತಿ ನೋಡಿದವರು, ಬುಷ್ ಪೂರ್ತಿ ಹರಿದಿದೆ, ಇದನ್ನು ಬದಲಿಸದೆ ಗಾಡಿ ರಸ್ತೆಗೆ ಇಳಿಸಬೇಡಿ ಎಂದುಬಿಟ್ಟರು. ಅದೇ ಸಮಯಕ್ಕೆ ನನ್ನ ಹೆಂಡತಿ ಕ್ರಿಸೀನಾಳ ತಂಗಿ ಮೋರಗ್‌ಳನ್ನು ಸಮುದ್ರದಾಚೆಯ ಇನ್ವರ್ನೆಸ್‌ನ ಆಸ್ಪತ್ರೆಯವರು ಮನೆಗೆ ಕಳಿಸಲು ಒಪ್ಪಿದರು. ಆಕೆಗೆ ಕೂತು ಪ್ರಯಾಣ ಮಾಡಲಾಗದು, ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಮಲಗಿಸಿಕೊಂಡೇ ಬರಬೇಕು. ತಿಂಗಳುಗಟ್ಟಲೆ ಬಿಳಿ ಗೋಡೆ ನೋಡಿ ಸಾಕಾಗಿ, "ಅಕ್ಕಾ, ಬೇಗ ಬಂದು ಕರ್ಕೊಂಡ್ಹೋಗು, ನನಗೆ ನಮ್ಮನೆ ಗಾಳಿ ಬೇಕು" ಎಂದು ಅವಳು ದಿನಾ ಫೋನಿನಲ್ಲಿ ಹೇಳುತ್ತಿದ್ದಳು. ಸೋಮವಾರ ಬೆಳಿಗ್ಗೆ ನಮ್ಮ ಬಂದರು ಪಟ್ಟಣವಾದ ಸ್ಟಾರ್ನೋವೇಯಲ್ಲಿ ಮರುತಪಾಸಣೆ, ಮಧ್ಯಾಹ್ನ ಕಾರು ಸಮೇತ ಹಡಗು ಎಂದು ನಾನೇ ಗೊತ್ತು ಮಾಡಿದ್ದೆ. ಯಾರದ್ದಾದರೂ ಕಾರು ಕೇಳೋಣವೆಂದು ಕ್ರಿಸೀನಾ ಎಷ್ಟೋ ಸಲ ಹೇಳಿದಳು. ಒಂದು ಬೋಲ್ಟಿಗೆ ಹೆದರಿ ಊರ ಮುಂದೆ ಕೈಯೊಡ್ಡುವವನು ನಾನಲ್ಲ ಎಂದು ನಾನು ಜಂಭ ಕೊಚ್ಚಿದೆ.

ಶನಿವಾರ ಸಂಜೆಯೂ ತಾವು ಅಲ್ಲೇ ಇದ್ದಿರಿ. ಭಾನುವಾರ ನಮ್ಮೂರಿನಲ್ಲಿ ಒಗೆದ ಬಟ್ಟೆಯನ್ನು ಹಗ್ಗದ ಮೇಲೆ ಬಿಡುವವರೂ ಇಲ್ಲವೆಂಬುದು ತಮಗೆ ತಿಳಿಯದ್ದಲ್ಲ. ಸುತ್ತಿಗೆಯ ಮಾತಂತೂ ದೂರವೇ ಉಳಿಯಿತು. ಆದಕಾರಣ ನಾನು ಒಂದು ಮಹಾ ಉಪಾಯ ಹೂಡಿದೆ: ಶನಿವಾರವೇ ತಮ್ಮ ಮೈಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಸುರಿದು, ಭಾನುವಾರವಿಡೀ ಎಣ್ಣೆ ತನ್ನಷ್ಟಕ್ಕೆ ಇಳಿಯಲು ಬಿಟ್ಟು, ಆ ದಿನ ಕಳೆದ ಕೂಡಲೇ ಸುತ್ತಿಗೆ ಹಿಡಿಯುವುದು. ಆದರೆ ನಾನು ಹಚ್ಚಿದ ಎಣ್ಣೆ ಸಬ್ಬತ್ತಿನ, ಎಂದರೆ ದೇವರಿಗೆ ಮೀಸಲಾದ ವಿಶ್ರಾಂತಿಯ, ದಿನ ಕೆಲಸ ಮಾಡಿದರೆ ಆ ಕೆಲಸ ಯಾರ ತಲೆಗೆ ಎಂಬ ಸಂಶಯ ಬಂದು, ಚರ್ಚಿನ ಹಿರಿಯರಾದ ಇವಾಂಡರ್ ಅವರ ಮನೆಗೆ ನಡೆದುಕೊಂಡು ಹೋಗಿ, ಅವರ ಒಲೆಯ ಮುಂದೆ ಕೂತು, ಚಹಾ ಆರಿಹೋಗುವ ತನಕ ವಾದಿಸಿದೆ. ಕೊನೆಗೆ ಅವರು, "ಎಣ್ಣೆ ಅದರ ಪಾಡಿಗೆ ಅದು ಇಳೀಲಿ ಬಿಡೋ ಮಾರಾಯ, ಅದೇನು ನಮ್ಮ ಚರ್ಚಿನ ಸದಸ್ಯನಾ?" ಎಂದು ಅಪ್ಪಣೆ ಕೊಟ್ಟರು. ನಾನು ಬಹಳ ನೆಮ್ಮದಿಯಿಂದ ಮನೆಗೆ ಬಂದು ಮಲಗಿದೆ.

ಈಗ ತಮ್ಮ ಮೇಲಿನ ದೂರಿನ ತಿರುಳಿಗೆ ಬರುತ್ತೇನೆ. ಭಾನುವಾರ ಕ್ರಿಸೀನಾ ತಲೆನೋವೆಂದು ಚರ್ಚಿಗೆ ಬರಲಿಲ್ಲ. ನಮ್ಮ ಅಂಗಳಕ್ಕೂ ಚರ್ಚಿಗೂ ನಡುವೆ ಒಂದು ಗೋಡೆ, ಒಂದಿಷ್ಟು ಕುರಿಗಳು, ಅಷ್ಟೇ. ನಾನು ಎದ್ದು ನಿಂತು ಕೀರ್ತನೆಯ ಸಾಲು ಎತ್ತಿಕೊಡಬೇಕು, ಸಭೆ ಅದನ್ನು ಹಿಂದಿನಿಂದ ಹಿಡಿಯಬೇಕು, ಮಧ್ಯೆ ಉಸಿರೆಳೆಯುವಷ್ಟು ಮೌನ. ನಮ್ಮಲ್ಲಿ ವಾದ್ಯವಿಲ್ಲ, ಪದ್ಧತಿ ಇಷ್ಟೇ. ಮೊದಲ ಸಾಲು ಹಾಡಿ ನಿಲ್ಲಿಸಿದೆ. ಸಭೆ ಬಾಯಿ ತೆರೆಯುವ ಮುಂಚೆ ನಮ್ಮ ಅಂಗಳದಿಂದ ಠಣ್ ಎಂದು ಉತ್ತರ ಬಂತು. ಎರಡನೆಯ ಸಾಲು, ಮತ್ತೆ ಠಣ್. ಮೂರನೆಯ ಸಾಲಿಗೆ ಬಂದ ಸದ್ದು ಠಣ್ ಅಲ್ಲ, ಧೊಪ್. ಮಾನ್ಯರೇ, ಅಷ್ಟು ದಿನ ತಮ್ಮ ಮಗ್ಗುಲಲ್ಲೇ ನೆಲಕ್ಕೆ ಬೆನ್ನು ಹಚ್ಚಿ ಮಲಗಿದ್ದವನಿಗೆ ಆ ಸದ್ದಿನ ಅರ್ಥ ಹೇಳಿಕೊಡಬೇಕೆ? ತಾವು ಜರುಗಿದ್ದಿರಿ. ಇಡೀ ಸಭೆ ನನ್ನ ಮುಖ ನೋಡುತ್ತಿತ್ತು, ನನ್ನ ಬಾಯಲ್ಲಿ ದೇವರ ಸ್ತುತಿಯಿತ್ತು, ನನ್ನ ಮನಸ್ಸು ಮಾತ್ರ "ಬಂತು! ಬಂತು!" ಎಂದು ಕುಣಿಯುತ್ತಿತ್ತು. ನಾಲ್ಕನೆಯ ಸಾಲು ಯಾವುದೆಂದೇ ಮರೆತು ಮೂರನೆಯದನ್ನೇ ಮತ್ತೆ ಹಾಡಿದೆ, ಪಾಪ, ಅವರೂ ಹಾಡಿದರು.

ಪ್ರಾರ್ಥನೆ ಮುಗಿದದ್ದೇ ತಡ, ಕರಿ ಕೋಟಿನ ಒಂದು ಮೆರವಣಿಗೆಯೇ ನಮ್ಮ ಅಂಗಳಕ್ಕೆ ಬಂತು. ಮುಂದೆ ಇವಾಂಡರ್, ಹಿಂದೆ ಡಾಲಿನಾ, ಅವಳ ಹಿಂದೆ ನಾವಾಗಿ ಬಂದಿಲ್ಲ, ಹೀಗೇ ದಾರಿಯಲ್ಲಿ ಹೋಗುತ್ತಿದ್ದೆವು ಎನ್ನುವ ಮುಖ ಹೊತ್ತ ಉಳಿದವರು. ನಾನು ತಮ್ಮ ಪರವಾಗಿಯೂ ನನ್ನ ಮನೆಯ ಪರವಾಗಿಯೂ ಬಲವಾದ ವಾದ ಮಂಡಿಸಿದೆ. ಎಣ್ಣೆ ಹಿರಿಯರ ಅನುಮತಿಯಿಂದಲೇ ಇಳಿದದ್ದು, ಬೋಲ್ಟು ಸ್ವಇಚ್ಛೆಯಿಂದ ಹೊರಬಂದದ್ದು, ಸದ್ದು ಅದು ಹೊರಬರುವಾಗ ಮಾಡಿಕೊಂಡ ಸದ್ದು, ಅದು ಕೀರ್ತನೆಯ ತಾಳಕ್ಕೆ ಸರಿಯಾಗಿ ಬಂದದ್ದು ಅದರ ಭಕ್ತಿಯ ಗುರುತು ಎಂದೆಲ್ಲ ಹೇಳಿದೆ. ಅಷ್ಟರಲ್ಲಿ ಕ್ರಿಸೀನಾ ಮನೆಯೊಳಗಿಂದ ಬಂದಳು. ಏಪ್ರನ್ ತುಂಬ ತುಕ್ಕು, ಒಂದು ಕೈಯಲ್ಲಿ ನನ್ನ ಸುತ್ತಿಗೆ, ಇನ್ನೊಂದು ಕೈಯಲ್ಲಿ ತಾವು.

"ನಾನೇ ಹೊಡ್ದಿದ್ದು," ಎಂದಳು. "ನನ್ನ ತಂಗಿ ಅಲ್ಲಿ ಬ್ಯಾಗು ತುಂಬ್ಕೊಂಡು ಮಂಚದ ಮೇಲೆ ಕಾಯ್ತಾ ಇದಾಳೆ. ಇವ್ನು ಇಲ್ಲಿ ಎಣ್ಣೆಗೆ ಪಾಪ ಇದ್ಯಾ ಪುಣ್ಯ ಇದ್ಯಾ ಅಂತ ಊರೆಲ್ಲಾ ಕೇಳ್ಕೊಂಡು ಬರ್ತಾನೆ. ನಾಳೆ ಹಡಗು ತಪ್ಪಿದ್ರೆ ಅವಳಿಗೆ ಏನು ಹೇಳ್ಲಿ ನಾನು, ಎಣ್ಣೆ ಇಳೀಲಿಲ್ಲ ಅಂತಾನಾ?" ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದು ಭಾನುವಾರವೂ ಆಲೂಗಡ್ಡೆಯ ಸಿಪ್ಪೆ ಸಹ ಸುಲಿದವಳಲ್ಲ, ಅದನ್ನೂ ಶನಿವಾರವೇ ಸುಲಿದು ನೀರಲ್ಲಿ ಹಾಕಿಡುವವಳು.

ಆಮೇಲೆ ಇವಾಂಡರ್ ಟೋಪಿ ತೆಗೆದು, "ಅಲ್ಲಮ್ಮಾ, ಕಾಯಿಲೆಯವ್ರನ್ನ ಮನೆಗೆ ಕರ್ಕೊಂಡು ಬರೋದು ಕರುಣೆ ಕೆಲಸ. ಅದಕ್ಕೆ ಭಾನುವಾರ ಯಾವತ್ತು ಅಡ್ಡ ಬಂದಿದೆ?" ಎಂದರು. ಅನಂತರ ನನ್ನ ಕಡೆ ತಿರುಗಿದರು. "ನಿನ್ನೆ ನಮ್ಮನೇಲಿ ಅಷ್ಟೊತ್ತು ಕೂತಿದ್ಯಲ್ಲೋ ಫಿನ್ಲೇ. ಬರೀ ಎಣ್ಣೆ, ಎಣ್ಣೆ, ಎಣ್ಣೆ. ಮೋರಗ್ ಬರೋದಿದೆ, ಕಾರು ಬೇಕು ಅಂತ ಒಂದು ಮಾತು ಬಾಯಿಗೆ ಬರ್ಲಿಲ್ವಾ? ನನ್ನ ಕಾರಿನ ಬೀಗದಕೈ ನಿನ್ನ ತಲೆ ಮೇಲೇ ನೇತಾಡ್ತಿತ್ತು." ಅಷ್ಟಕ್ಕೆ ಡಾಲಿನಾ, "ನನ್ನ ಕಾರೂ ಇತ್ತು. ಆದ್ರೆ ನನ್ನನ್ನ ಯಾರು ಕೇಳ್ತಾರೆ?" ಎಂದು ಮೂಗು ಮುರಿದಳು.

ಸೋಮವಾರ ಕ್ರಿಸೀನಾ ಇವಾಂಡರ್ ಅವರ ಕಾರನ್ನು ತಾನೇ ಓಡಿಸಿಕೊಂಡು ಹೊರಟಳು. ನಾನು ಕೋಟು ಹಾಕಿಕೊಂಡು ಬಾಗಿಲಿಗೆ ಬಂದೆ. ಮುಂದಿನ ಸೀಟು ಖಾಲಿಯೇ ಇತ್ತು. ಅವಳು ಅದರ ಮೇಲೆ ಮೋರಗ್‌ಳ ಕಂಬಳಿ ಇಟ್ಟು, ಸಿಟ್ಟೇನೂ ಇಲ್ಲದ ದನಿಯಲ್ಲಿ, "ನೀನು ಬೋಲ್ಟ್ ನೋಡ್ಕೊಂಡಿರು," ಎಂದು ಹೇಳಿ ಹೋದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಅವಳ ಆಜ್ಞೆಯ ಪ್ರಕಾರ ತಮ್ಮನ್ನು ನೋಡುತ್ತ ಕೂತಿದ್ದೇನೆ, ಈ ಪತ್ರ ಬರೆಯಲು ಇಷ್ಟು ಪುರುಸೊತ್ತು ಸಿಕ್ಕಿದ್ದೂ ಹಾಗೆಯೇ. ಊರ ಅಂಗಡಿಯ ಬಾಗಿಲಿಗೆ ಇದನ್ನು ಅಂಟಿಸಲಿದ್ದೇನೆ. ನಡೆದದ್ದು ಹೇಗೂ ಎಲ್ಲರಿಗೂ ಗೊತ್ತು, ನನಗೆ ನಾಚಿಕೆಯಾಗಿದೆ ಎಂಬುದೂ ಗೊತ್ತಾಗಲಿ.

ಕಡೆಯದಾಗಿ ಒಂದು ವಿನಂತಿ. ತಮ್ಮಂಥ ಛಲವಂತರಿಗೆ ಅಸಾಧ್ಯವೆಂಬುದಿಲ್ಲವೆಂದು ತಿಳಿದು ಕೇಳುತ್ತಿದ್ದೇನೆ. ತಾವು ದಯಮಾಡಿ ಈ ತಟ್ಟೆಯಿಂದೆದ್ದು, ಸುಟ್ಟು ಕರಕಲಾದ ಆ ಬುಷ್‌ನೊಳಕ್ಕೆ ಮರಳಿ, ಮೊದಲಿನ ಹಾಗೆಯೇ ತುಕ್ಕು ಹಿಡಿದು ಬಿಗಿಯಾಗಿ ಕೂರಬೇಕು. ಹಾಗೆ ಕೂತು ಹೇಗಾದರೂ ಮಾಡಿ ಮತ್ತೆ ಶನಿವಾರ ಸಂಜೆಯಾಗುವಂತೆ ನೋಡಿಕೊಳ್ಳಬೇಕು. ನಾನು ಇವಾಂಡರ್ ಅವರ ಮನೆಗೆ ಇನ್ನೊಮ್ಮೆ ನಡೆದು ಹೋಗಿ, ಅವರ ಒಲೆಯ ಮುಂದೆ ಕೂತು, ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿ ಬರುತ್ತೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಫಿನ್ಲೇ ಮೆಕೈವರ್

ತಾ.ಕ.: ತಮ್ಮ ಜಾಗಕ್ಕೆ ಹೊಸ ಬೋಲ್ಟ್ ಬಂದಿದೆ. ಅದಕ್ಕೆ ತಲೆಯಿಂದ ತುದಿಯವರೆಗೆ ಗ್ರೀಸ್ ಬಳಿದೇ ಕೂರಿಸಿದ್ದೇನೆ. ಹಟಮಾರಿತನ ಈ ಮನೆಗೆ ಈಗಿರುವಷ್ಟೇ ಸಾಕು. ಇದೀಗ ಕ್ರಿಸೀನಾ ವಾಪಸು ಹಡಗಿನಿಂದ ಫೋನ್ ಮಾಡಿದ್ದಳು. ಮೋರಗ್ ಹಿಂದಿನ ಸೀಟಿನಲ್ಲಿ ಹಾಯಾಗಿ ಮಲಗಿ ಬಂದಳಂತೆ, ದಾರಿಯಲ್ಲಿ ಕೇಳಿದ್ದು ಒಂದೇ ಮಾತಂತೆ: "ಫಿನ್ಲೇ ಯಾಕೆ ಬರ್ಲಿಲ್ಲ?" ಅದಕ್ಕೆ ಇವಳು ಏನು ಹೇಳಿದಳೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. ತಪ್ಪನ್ನು ತಮ್ಮ ಮೇಲೆ ಹಾಕಿರಲಾರಳು.