ಮಾವನವರ ಊರಿನ ಕೋಟೆ

ಹರಕು ಅಂಗಿ ತೊಟ್ಟು ಬರುವ ತಪ್ಪನ್ನು ಯಾರಾದರೂ ಬಾಗಿಲಲ್ಲೇ ಹಿಡಿಯುತ್ತಾರೆ. ಇಸ್ತ್ರಿಯ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬರುವ ತಪ್ಪಿಗೆ ನಾವೇ ಎದ್ದು ಕುರ್ಚಿ ಕೊಡುತ್ತೇವೆ. ಶಹಾಪುರದಲ್ಲಿ ಕೂತು ಪತ್ರಿಕೆಗೆ ಸುದ್ದಿ ಕಳಿಸುವ ನಾನು ಮೊದಲನೆಯದನ್ನು ಹಿಡಿಯುವುದರಲ್ಲಿ ಗಟ್ಟಿಗ. ಎರಡನೆಯದಕ್ಕೆ ಚಹಾ ಕೂಡ ಕೊಟ್ಟಿದ್ದೇನೆ.

ಸುರಪುರದ ವಕೀಲ ಮಿತ್ರರ ಮನೆಯಲ್ಲಿ ಇಂಗ್ಲಿಷ್ ಪ್ರವಾಸಿಯೊಬ್ಬನ ಬಹಳ ಹಳೆಯ ಪುಸ್ತಕವಿತ್ತು. ಹೊರಗೆ ಒಯ್ಯುವಂತಿಲ್ಲ, ಬೇಕಾದರೆ ಸ್ಕ್ಯಾನ್ ಮಾಡಿಕೊಳ್ಳಿ ಎಂದರು. ಸ್ಕ್ಯಾನರನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ಬೈಕಿನ ಮೇಲೆ ಒಯ್ದೆ. ಪುಟದ ಚಿತ್ರವನ್ನು ತಾನೇ ಓದಿ ಅಕ್ಷರ ಮಾಡಿಕೊಡುವ ತಂತ್ರಾಂಶ ಅದರೊಂದಿಗೆ ಬಂದಿತ್ತು. ಅದು ಕೊಟ್ಟ ಇಂಗ್ಲಿಷ್ ಮಾತ್ರ ವಿಚಿತ್ರವಾಗಿತ್ತು. ಬೆಳಗಾದರೆ ಪೂರ್ವದಲ್ಲಿ ‘ಸನ್’ ಬದಲು ‘ಫನ್’ ಹುಟ್ಟುತ್ತಿತ್ತು. ಜಾಣ ಮುದುಕನೊಬ್ಬನನ್ನು ‘ವೈಸ್’ ಎನ್ನಬೇಕಾದಲ್ಲಿ ‘ವೈಫ್’ ಎಂದಿತ್ತು. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, ಯಂತ್ರದ ತಪ್ಪೇನೂ ಕಾಣಿಸುತ್ತಿಲ್ಲವಲ್ಲ ಎಂದಳು. ಊಹಿಸಲು ಬಂದದ್ದನ್ನು ತಿದ್ದಿಕೊಂಡೆ. ಬಾರದ್ದನ್ನು ಹಳೆಗಾಲದ ಇಂಗ್ಲಿಷ್ ಎಂದು ಗೌರವದಿಂದ ಹಾಗೇ ಬಿಟ್ಟೆ.

ಹೀಗಿರುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ತಿಂಥಣಿಯ ಮೌನೇಶ್ವರನ ಗುಡಿ ಬಿಟ್ಟು ಮುಂದಿನ ಹೊಳೆದಂಡೆಯ ಊರಿನಲ್ಲಿ ಮಣ್ಣಿನ ದಿಬ್ಬದ ‘ಫೋರ್ಟ್’ ಇದೆ, ಅದರ ಮೇಲೆ ‘ಫ್ಟ್ರಾ’ ಕೂಡಿಡುತ್ತಾರೆ ಎಂದಿತ್ತು. ಫೋರ್ಟ್ ಎಂದರೆ ಕೋಟೆ. ಫ್ಟ್ರಾ ಯಾವುದೋ ಆಯುಧವಿರಬೇಕು. ಊರು ಮಾತ್ರ ಅನುಮಾನವಿಲ್ಲದೆ ನನ್ನ ಹೆಂಡತಿಯ ತವರು.

ಆ ದಿಬ್ಬದ ಚಿಂತೆಯಲ್ಲೇ ಮಾವನವರು ಆಗ ದಿನಾ ಫೋನು ಮಾಡುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಯಾಗಿ, ಊರಲ್ಲಿ ಒಣಗಿದ ನೆಲವೆಂದರೆ ದಿಬ್ಬ ಒಂದೇ. ಎಲ್ಲರ ಮೇವಿನ ಬಣವಿ, ಉರುವಲಿನ ಕುಳ್ಳು ಅದರ ಮೇಲೆಯೇ. ಈಗ ಉಪಕಾಲುವೆಯ ಒಡ್ಡಿಗೆ ಮಣ್ಣು ಬೇಕೆಂದು ಗುತ್ತಿಗೆದಾರರು ಜೆಸಿಬಿ ತಂದು ನಿಲ್ಲಿಸಿದ್ದರು. ದಿಬ್ಬ ಹೋದರೆ ಮೇವು ಕೊಳೆಯುತ್ತದೆ, ದನ ಮಾರಬೇಕಾಗುತ್ತದೆ.

ಇಬ್ಬರು ಹೇಳದ ಸುದ್ದಿ ಸುದ್ದಿಯಲ್ಲ ಎಂಬುದು ನಮ್ಮ ಕಚೇರಿಯ ನಿಯಮ. ಪುಸ್ತಕ ಒಬ್ಬರಾಯಿತು. ಎರಡನೆಯವರಿಗಾಗಿ ಮಾವನವರಿಗೆ ಫೋನು ಹಚ್ಚಿದೆ.

“ಮಾಮಾರ, ನಿಮ್ಮೂರಾಗ ಹಿಂದ ಕ್ವಾಟಿ ಇತ್ತೇನ್ರಿ?”

“ಇತ್ತು ಅಂದ್ರ ದಿಬ್ಬ ಉಳೀತದೇನ್ರಿ ಅಳಿಯಂದ್ರ?”

“ಉಳೀಬಹುದ್ರಿ.”

“ಹಂಗಾದ್ರ ಇತ್ತು, ಬರಕೋರಿ. ನಮ್ಮ ಮುತ್ಯಾ ಹೇಳತಿದ್ದ.”

ನಿಯಮ ಪಾಲನೆಯಾಯಿತು. ಸುದ್ದಿ ಅಚ್ಚಾಯಿತು. ಊರವರು ಪತ್ರಿಕೆ ಹಿಡಿದು ಜೆಸಿಬಿಗೆ ಅಡ್ಡ ನಿಂತರು, ಕೆಲಸ ನಿಂತಿತು. ತವರಿನಿಂದ ಬಸ್ಸಿನಲ್ಲಿ ಸಜ್ಜೆ ರೊಟ್ಟಿಯ ಗಂಟು ಬಂತು. ಮನೆಯಲ್ಲಿ ಕೇಳದೆಯೇ ಚಹಾ ಸಿಗತೊಡಗಿತು.

ಆ ರೊಟ್ಟಿ ಮುರಿಯುತ್ತಲೇ ಮುಂದಿನ ಪುಟ ಓದಿದೆ. ಈ ಸೀಮೆಯ ಜನ ಜೋಳದ ಹಿಟ್ಟಿನ ‘ಫೋರ್ಟ್’ ಮಾಡಿ ತಿನ್ನುತ್ತಾರೆ ಎಂದಿತ್ತು. ಮುರಿದ ತುಂಡನ್ನು ತಟ್ಟೆಗೇ ಇಟ್ಟೆ. ಆಗ ಮೊದಲ ಬಾರಿಗೆ ಪುಟದ ಚಿತ್ರವನ್ನೇ ತೆರೆದು ನೋಡಿದೆ. ಆ ಕಾಲದ ಅಚ್ಚಿನಲ್ಲಿ ಎಸ್ ಅಕ್ಷರ ಎಫ್‌ನಂತೆ ಉದ್ದಕ್ಕೆ ನಿಲ್ಲುತ್ತಿತ್ತು, ನಡುವಿನ ಅಡ್ಡಗೀಟು ಪೂರ್ತಿ ಇರುತ್ತಿರಲಿಲ್ಲ, ಅಷ್ಟೇ. ಪ್ರವಾಸಿ ಬರೆದದ್ದು ‘ಸಾರ್ಟ್’, ಅಂದರೆ ‘ಒಂದು ಬಗೆಯ’. ಒಂದು ಬಗೆಯ ರೊಟ್ಟಿ. ಒಂದು ಬಗೆಯ ದಿಬ್ಬ. ಫ್ಟ್ರಾ ಎಂಬ ಆಯುಧ ‘ಸ್ಟ್ರಾ’, ಅಂದರೆ ಒಣಮೇವು.

ತಿದ್ದುಪಡಿ ಹಾಕಲೇಬೇಕೆಂದು ಸಂಪಾದಕರು ತಣ್ಣಗೆ ಹೇಳಿದರು. ಹೆಂಡತಿ, ಹಾಕಿ, ಆದರೆ ನಮ್ಮಪ್ಪನಿಗೆ ಮುಖ ತೋರಿಸಿ ಹೇಳಿ ಬನ್ನಿ ಎಂದಳು. ಸರಿಯಾದ ಸಾಲನ್ನು ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿಕೊಂಡು ಬೈಕು ಹತ್ತಿದೆ.

ಊರು ಮುಟ್ಟಿದರೆ, ಜನ ನನಗಾಗಿಯೇ ಕಾದಿದ್ದರು. ಹಿಂದಿನ ದಿನ ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿಯೊಬ್ಬರು ಸುದ್ದಿ ಓದಿ ಬಂದಿದ್ದರಂತೆ. ಕೋಟೆಯಾದರೆ ಬಣವಿ, ಕುಳ್ಳು ಎಲ್ಲ ತೆಗೆಯಬೇಕು, ಸುತ್ತ ಬೇಲಿ ಹಾಕುತ್ತೇವೆ, ಯಾರೂ ಹತ್ತುವಂತಿಲ್ಲ ಎಂದು ಹೇಳಿ ಹೋಗಿದ್ದರು.

“ಜೆಸಿಬಿಗೆ ಬಿಟ್ಟಿದ್ರ ಅರ್ಧ ದಿಬ್ಬಾರ ಉಳೀತಿತ್ತು,” ಎಂದಳು ಹೆಂಡತಿಯ ಸೋದರತ್ತೆ. “ನಿಮ್ಮ ಪೇಪರ ಪೂರಾ ನುಂಗ್ಯಾದ.”

ನಾನು ಮೆಲ್ಲಗೆ ಕಿಸೆಯಿಂದ ಸರಿಯಾದ ಸಾಲನ್ನು ತೆಗೆದು ಓದಿದೆ: ಹೊಳೆ ಬಂದಾಗ ನೆನೆಯದಿರಲೆಂದು ಈ ಊರವರು ಒಂದು ಬಗೆಯ ಮಣ್ಣಿನ ದಿಬ್ಬ ಮಾಡಿ, ಅದರ ಮೇಲೆ ಮೇವು ಒಟ್ಟುತ್ತಾರೆ. ಮಾವನವರು ಇನ್ನೊಮ್ಮೆ ಓದಿಸಿದರು.

“ಅಂದ್ರ ಆ ಸಾಹೇಬ ಬಂದಾಗೂ ಬಣವಿ ಅಲ್ಲೇ ಇದ್ದವು?”

“ಇದ್ದವ್ರಿ.”

“ಮತ್ತ ಇದನ್ನ ಬಿಟ್ಟು ಕ್ವಾಟಿ ಯಾಕ ಕಟ್ಟಿದ್ರಿ?”

ಕೋಟೆ ಇರಲಿಲ್ಲ, ಬಣವಿ ಇದ್ದವು ಎಂಬ ತಿದ್ದುಪಡಿ ಮರುದಿನವೇ ಬಂತು. ಅಧಿಕಾರಿ ಬೇಲಿಯ ಮಾತು ಕೈಬಿಟ್ಟರು. ಊರಿನ ಮೇವಿನ ಜಾಗ ಅದು, ಅದೂ ತಲೆತಲಾಂತರದ್ದು ಎಂದು ಊರವರು ಪತ್ರಿಕೆ ತೋರಿಸಿದ ಮೇಲೆ ಎಂಜಿನಿಯರು ಮಣ್ಣಿಗೆ ಬೇರೆ ಕಡೆ ನೋಡಿಕೊಂಡರು.

ಇಷ್ಟು ವರ್ಷ ನಾನು ಬರೆದದ್ದರಲ್ಲಿ ಒಂದೇ ಒಂದು ಬರಹಕ್ಕೆ ಮಾವನವರು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ನಮ್ಮ ಅಳಿಯಂದ್ರು ಬರೆದದ್ದು ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ದಪ್ಪಕ್ಷರದಲ್ಲಿ ‘ತಪ್ಪಾಗಿದೆ, ವಿಷಾದಿಸುತ್ತೇನೆ’ ಎಂದಿದೆ, ಕೆಳಗೆ ನನ್ನ ಹೆಸರು. ಗೋಡೆಯಲ್ಲಿ ಮೊಳೆ ಇದ್ದದ್ದು ನಮ್ಮ ಮದುವೆ ಫೋಟೊದ ಮಗ್ಗುಲಲ್ಲಿ ಮಾತ್ರ. ಬಂದವರು ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿ, ನನ್ನ ಭುಜ ತಟ್ಟಿ ಹೋಗುತ್ತಾರೆ.